ಉಡಿ ತುಂಬ ಜೋಳ

ಢಣ್ ಎಂದು ಒಂದು ಸಲ. ಸ್ವಲ್ಪ ತಡೆದು ಮತ್ತೊಂದು ಸಲ. ಎತ್ತಿನ ಮೇಲೆ ಕೂತವನ ಕೈಯಲ್ಲಿದ್ದ ಕಂಚಿನ ಗಂಟೆಯ ಸದ್ದು ಅದು. ೧೯೭೪ರ ಸುಗ್ಗಿ ಮುಗಿದಿತ್ತು. ಬಸವನ ಬಾಗೇವಾಡಿ ಹತ್ತಿರದ ಇಂಗಳೇಶ್ವರದಲ್ಲಿ, ನಮ್ಮ ಮನೆಯ ಮುಂದೆ ಬೆಳಗಿನ ಬಿಸಿಲು ಇನ್ನೂ ಏರಿರಲಿಲ್ಲ. ಎಂಬತ್ತು ದಾಟಿದ ನನ್ನ ಅಜ್ಜಿ ಸದ್ದು ಕೇಳಿದ್ದೇ ತಡ, "ಏ ಶಾರದಾ, ಹೆಳವ ಬಂದಾನ, ಮೊರದಾಗ ಜೋಳಾ ತಗೊಂಬಾ" ಅಂತ ಒಳಗಿನಿಂದ ಕೂಗಿದಳು.

ನಮ್ಮ ಕಡೆಯವರಿಗೆ ಹೆಳವರ ಬಗ್ಗೆ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಒಂದು ಮಾತು. ಒಂದೊಂದು ಮನೆತನಕ್ಕೂ ಒಬ್ಬ ಹೆಳವ ಇರುತ್ತಾನೆ. ಕೆಲವು ವರ್ಷಕ್ಕೊಮ್ಮೆ ಬಂದು, ಎತ್ತಿನ ಮೇಲೆ ಕೂತು ಆ ಮನೆಯ ಹಿರಿಯರ ಹೆಸರುಗಳನ್ನು ಮೂಲಪುರುಷನಿಂದ ಹಿಡಿದು ಹಾಡಿದ ಹಾಗೆ ಹೇಳುತ್ತಾನೆ. ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಳ್ಳುತ್ತಾನೆ. ಕಾಳು, ಬಟ್ಟೆ, ದೊಡ್ಡ ಮನಸ್ಸಿನವರಿದ್ದರೆ ಒಂದು ಕರು, ಇಷ್ಟನ್ನು ಪಡೆದು ಹೋಗುತ್ತಾನೆ. ನಮ್ಮ ಮನೆತನದ ಹೆಳವ ಹಣಮಪ್ಪನಿಗೆ ಅವರಪ್ಪನಿಂದ ಬಂದ ಒಂದು ಪದ್ಧತಿಯಿತ್ತು. ವಂಶದ ಬಳ್ಳಿ ಮುಂದೆ ಹಬ್ಬಿದವನ ಹೆಸರು ಬಂದರೆ ಗಂಟೆ ಬಾರಿಸುತ್ತಿದ್ದ. ಮಕ್ಕಳಿಲ್ಲದೆ ಸತ್ತವನ ಹೆಸರು ಬಂದರೆ ಗಂಟೆಯ ನಾಲಗೆಯನ್ನು ಮುಷ್ಟಿಯಲ್ಲಿ ಹಿಡಿದು, ಬರೀ ಹೆಸರು ಹೇಳಿ ಮುಂದೆ ಹೋಗುತ್ತಿದ್ದ.

ಆಗ ನನಗೆ ಇಪ್ಪತ್ತೆರಡು. ಅವ್ವ ತೀರಿಕೊಂಡ ಮೇಲೆ ಅಪ್ಪ ನನ್ನನ್ನು ಬೆಳಗಾವಿಯ ಒಂದು ಕಾನ್ವೆಂಟ್ ಬೋರ್ಡಿಂಗಿಗೆ ಹಾಕಿದ್ದರು. ಅವರು ಮುದ್ದೇಬಿಹಾಳದಲ್ಲಿ ಓವರ್ಸಿಯರ್. "ಒಬ್ಬಾಕಿಯರೆ ನನ್ನ ಕಣ್ಮುಂದ ಇರ್ಲಿ" ಅಂತ ಅಜ್ಜಿ ಹಟ ಮಾಡಿದ್ದರಿಂದ ಅಕ್ಕ ಶಾರದಾ ಊರಲ್ಲೇ ಉಳಿದಳು. ಹೀಗಾಗಿ ನಾನು ಫೋರ್ಕ್ ಹಿಡಿಯಲು ಕಲಿತೆ, ಅವಳು ರೊಟ್ಟಿ ಬಡಿಯಲು ಕಲಿತಳು. ನನಗಿಂತ ಎರಡೇ ವರ್ಷ ದೊಡ್ಡವಳಾದರೂ ನನಗೆ ತಾಯಿಯಂತಿದ್ದಳು. ನಮ್ಮ ನನ್‌ಗಳು ಇಂಗ್ಲೆಂಡಿನ ರಾಜರ ಫ್ಯಾಮಿಲಿ ಟ್ರೀ ಬರೆಸಿ ಬರೆಸಿ ನನ್ನ ತಲೆಯಲ್ಲಿ ಒಂದು ಹುಳ ಬಿಟ್ಟಿದ್ದರು: ನಮ್ಮ ಮನೆಯದನ್ನೂ ಒಮ್ಮೆ ಬರೆಯಬೇಕು. ಅದಕ್ಕಾಗಿ ಡ್ರಾಯಿಂಗ್ ಶೀಟು ತಂದಿಟ್ಟುಕೊಂಡು ಹೆಳವನಿಗಾಗಿ ಕಾಯುತ್ತಿದ್ದೆ.

ಅಕ್ಕನ ಮದುವೆ ಗೊತ್ತಾಗಿತ್ತು. ಹುಡುಗ ಮಲ್ಲಣ್ಣ, ಸಿಂದಗಿಯಲ್ಲಿ ಸಾಲಿ ಮಾಸ್ತರ. ಅವರ ಮನೆ ದೇವರ ಹಿಪ್ಪರಗಿಯಲ್ಲಿ. ನೋಡಲು ಬಂದ ದಿನ ಎಲ್ಲರೆದುರಿಗೇ ಅವನು ಅಕ್ಕನನ್ನು, "ನಿಮಗ ಸೈಕಲ್ ಹೊಡ್ಯಾಕ ಬರ್ತದೇನ್ರಿ?" ಅಂತ ಕೇಳಿಬಿಟ್ಟ. ಅಜ್ಜಿ, "ಏನಪಾ, ಹೆಣ್ಣು ನೋಡಾಕ ಬಂದೀಯೋ, ಟಪಾಲಿನವನ್ನ ನೋಡಾಕ ಬಂದೀಯೋ?" ಅಂದಳು. ಮನೆಯೆಲ್ಲ ನಕ್ಕಿತು. ಅಕ್ಕ ಆಮೇಲೆ ಎಷ್ಟೋ ದಿನ ಹಿಟ್ಟು ನಾದುತ್ತ ನಾದುತ್ತ ತನ್ನಷ್ಟಕ್ಕೆ ತಾನೇ ನಗುತ್ತಿದ್ದಳು. "ಸಿಂದಗ್ಯಾಗ ಸಂಜಿ ಮುಂದ ಸೈಕಲ್ ಕಲಿಸ್ತಾರಂತ" ಅಂತ ನನ್ನ ಕಿವಿಯಲ್ಲಿ ಹೇಳಿದ್ದಳು. ಅದೆಂಥ ಖುಷಿ ಅವಳ ಮುಖದ ಮೇಲೆ! ಅಷ್ಟು ಖುಷಿಯನ್ನು ನಾನು ಮತ್ತೆ ಅವಳಲ್ಲಿ ನೋಡಲಿಲ್ಲ.

ಮಾತುಕತೆಗೆ ಮೊದಲೇ ಬೆಡಗು ಕೇಳಿ ನೋಡಿದ್ದರು. ಬೆಡಗು ಅಂದರೆ ತಂದೆಯ ಕಡೆಯಿಂದ ಬರುವ ಕುಲದ ಹೆಸರು. ಒಂದೇ ಬೆಡಗಿನವರು ಎಷ್ಟೇ ದೂರದವರಿರಲಿ, ಅಣ್ಣ ತಂಗಿ, ಮದುವೆಯಾಗುವ ಹಾಗಿಲ್ಲ. ನಮ್ಮದು ಬೇರೆ, ಅವರದು ಬೇರೆ. ಎಲ್ಲ ಸರಿಯಾಗಿತ್ತು.

ಆವತ್ತು ಹುಡುಗನ ತಂದೆ ಸಂಗಪ್ಪನವರು ಲಗ್ನದ ಸೀರೆಯ ಮಾತಿಗೆಂದು ನಮ್ಮ ಮನೆಗೆ ಬಂದು ಕೂತಿದ್ದರು. ಅರವತ್ತು ದಾಟಿದ ಎತ್ತರದ ಆಳು, ಮಾತು ಕಡಿಮೆ. ಅಪ್ಪನಿಗೆ ಹೆಮ್ಮೆ. "ಬರ್ರಿ ಬೀಗರ, ನಮ್ಮ ಮನೆತನದ್ದು ನೀವೂ ಒಂದೀಟು ಕೇಳ್ರಿ" ಅಂತ ಅವರನ್ನು ಕಟ್ಟೆಗೆ ಕರೆದುಕೊಂಡು ಬಂದರು.

ಅಜ್ಜಿ ಬಾಗಿಲಲ್ಲಿ ಕೂತು, "ಏನೋ ಹಣಮಾ, ನಾ ಸತ್ತೇನೋ ಇದ್ದೇನೋ ನೋಡಾಕ ಬಂದೀಯೇನು?" ಅಂದಳು.

"ನಿಮ್ಮನ್ನ ಯಮ ಮರ್ತಾನ್ರೆವ್ವಾ. ನಾ ಏನ್ ನೆಪ್ಪು ಮಾಡಂಗಿಲ್ಲ ಬಿಡ್ರಿ. ಈ ಸಲ ಕರಾ ಕೊಟ್ರ ಇನ್ನ ಹತ್ತು ವರ್ಷ ಮರಸ್ತೇನಿ."

ನಗು ಮುಗಿದ ಮೇಲೆ ಅವನು ಕಣ್ಣು ಮುಚ್ಚಿ ಶುರು ಮಾಡಿದ. ನಾನು ಪೆನ್ಸಿಲ್ ಹಿಡಿದೆ. ನಿಂಗಪ್ಪ. ಢಣ್. ನಿಂಗಪ್ಪನ ಮಗ ಶಿವಪ್ಪ, ಶಿವಪ್ಪನ ಹೆಂಡತಿ ಗಂಗವ್ವ. ಢಣ್. ಆಮೇಲೆ ಅವನ ದನಿ ಇಳಿಯಿತು.

"ಧಾತು ಸಂವತ್ಸರದ ಬರ ಬಂತು. ಎತ್ತು ಸತ್ತವು, ಎತ್ತಿನ ತೊಗಲು ಬೇಸಿಕೊಂಡು ತಿಂದ್ರು. ಶಿವಪ್ಪ ರಸ್ತೆ ಕಲ್ಲು ಒಡ್ಯಾಕ ಹೋದ. ಹಿರೇ ಮಗ ಬಸಪ್ಪ ಹಸ್ತು ಸತ್ತ." ಮುಷ್ಟಿ. "ನಡುವಿನ ಮಗ ಮಲಕಪ್ಪ ಹಸ್ತು ಸತ್ತ." ಮುಷ್ಟಿ. "ಮೂರನೇ ಮಗ ಹರಕಗಿವಿ ಈರಪ್ಪ. ಕಿವ್ಯಾಗಿನ ಮುರುವು ಕಳ್ಳರು ಕಿತ್ತುಕೊಂಡ್ರು, ಎಡಗಿವಿ ಎರಡು ಹೋಳಾತು. ತಾಯಿ ಕೈ ಹಿಡದು ಬಡಗಣ ದಿಕ್ಕಿಗೆ ನಡದ. ತಾಯಿ ತಿರುಗಿ ಬಂದ್ಲು, ಮಗ ಬರಲಿಲ್ಲ."

ಢಣ್.

"ಬರ ಹೋದ ಮ್ಯಾಲ ಹುಟ್ಟಿದಾಂವ ಗುರಪ್ಪ." ಢಣ್. ಗುರಪ್ಪ ಅಂದರೆ ನನ್ನ ಅಜ್ಜ.

ಸಂಗಪ್ಪನವರು ಚಹಾದ ಬಸಿಯನ್ನು ಕೆಳಗಿಟ್ಟರು. "ತಡೀಪಾ. ಆ ಮೂರನೇದವಗ ಗಂಟಿ ಯಾಕ ಹೊಡದಿ?"

"ಸತ್ತ ಸುದ್ದಿ ಬಂದಿಲ್ರೀ. ನಮ್ಮಪ್ಪ ಹಿಡೀಲಿಲ್ಲ, ನಮ್ಮಜ್ಜ ಹಿಡೀಲಿಲ್ಲ. ನಾ ಹ್ಯಾಂಗ ಹಿಡೀಲಿ? ಗಂಗವ್ವ ಮುತ್ತಜ್ಜಿ ನಮ್ಮಜ್ಜನ ಕೈ ಹಿಡ್ಕೊಂಡು, ನನ್ನ ಈರಪ್ಪಗ ಗಂಟಿ ಹೊಡೀತಿರು ಅಂದಿದ್ಲಂತ."

"ಎಡಗಿವಿ ಅಂದೆಲ್ಲ. ಮ್ಯಾಲಿಂದ ಹರದಿತ್ತೋ, ತುದೀಗೋ?"

"ಅಷ್ಟು ನಮಗೇನ್ ಗೊತ್ರೀ ಧಣೇರ."

ಸಂಗಪ್ಪನವರು ತಮ್ಮ ಎಡಗಿವಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡರು. "ನಮ್ಮಪ್ಪಂದು ಇಲ್ಲಿ ಹರದಿತ್ತು" ಅಂದರು. "ಅವನ ಹೆಸರೂ ಈರಪ್ಪನ."

ಎತ್ತು ಬಾಲ ಬೀಸುವುದು ಕೇಳುತ್ತಿತ್ತು. ನಾನು ಯಾಂತ್ರಿಕವಾಗಿ, ಯಾಕೆಂದು ಗೊತ್ತಿಲ್ಲ, ಈರಪ್ಪನ ಕೆಳಗೆ ಗೆರೆ ಎಳೆದು ಸಂಗಪ್ಪ ಎಂದು ಬರೆದೆ. ಅದರ ಕೆಳಗೆ ಮಲ್ಲಣ್ಣ. ಈ ಕಡೆ ಗುರಪ್ಪನ ಕೆಳಗೆ ಅಪ್ಪ. ಅಪ್ಪನ ಕೆಳಗೆ ಶಾರದಾ. ಎರಡು ಹೆಸರೂ ಒಂದೇ ಸಾಲಿನಲ್ಲಿ ಕೂತಿದ್ದವು. ಬಾಗಿಲ ಸಂದಿಯಲ್ಲಿ ಜೋಳದ ಮೊರ ಹಿಡಿದು ನಿಂತಿದ್ದ ಅಕ್ಕ ನನ್ನ ಮುಖ ನೋಡುತ್ತಿದ್ದಳು. ಅವಳಿಗೆ ಶೀಟು ನೋಡುವ ಅಗತ್ಯವೇ ಇರಲಿಲ್ಲ.

ಅಪ್ಪನೇ ಮೊದಲು ಬಾಯಿಬಿಟ್ಟರು. "ಹಂಗಾದ್ರ ಹುಡುಗ ಹುಡುಗಿ ಅಣ್ಣ ತಂಗಿ ಆಗ್ತಾರಲ್ಲ, ಬೀಗರ." ಬೀಗರ ಎಂದವರು ಆ ಶಬ್ದವನ್ನು ಅರ್ಧಕ್ಕೇ ನುಂಗಿದರು.

ಆಗ ಅಜ್ಜಿ ತನ್ನ ಅತ್ತೆ ಗಂಗವ್ವ ಸಾಯುವ ಮೊದಲು ತನಗೊಬ್ಬಳಿಗೇ ಹೇಳಿದ್ದನ್ನು ಹೇಳಿದಳು. ಹೆಳವನನ್ನು ದನದ ಕೊಟ್ಟಿಗೆಯ ಕಡೆ ಕಳಿಸಿ, ಎಲ್ಲರನ್ನೂ ಒಳಗೆ ಕರೆದು, ಬಾಗಿಲು ಮುಚ್ಚಿಸಿ ಹೇಳಿದಳು. ಬರದ ವರ್ಷ ಗಂಗವ್ವ ಉಳಿದ ಒಬ್ಬ ಮಗನನ್ನು ಕರೆದುಕೊಂಡು ಗಂಡನನ್ನು ಹುಡುಕುತ್ತ ನಡೆದಳಂತೆ. ಹಿಪ್ಪರಗಿಯ ಒಂದು ಮನೆಯ ಮುಂದೆ ಬಿದ್ದಳಂತೆ. ಆ ಮನೆಯಾಕೆಗೆ ಮಕ್ಕಳಿರಲಿಲ್ಲ. ಹುಡುಗನನ್ನು ನನಗೆ ಕೊಡು ಅಂದಳು. ಗಂಗವ್ವ ಮಗನನ್ನು ಮಾರೋದಿಲ್ಲ ಅಂದಳು. ಆಗ ಅವಳು ಗಂಗವ್ವನನ್ನು ಒಳಗೆ ಕರೆದು, ಮಣೆಯ ಮೇಲೆ ಕೂಡಿಸಿ, ಹಣೆಗೆ ಕುಂಕುಮ ಹಚ್ಚಿ, ಮನೆಮಗಳಿಗೆ ಮಡಿಲು ತುಂಬಿದ ಹಾಗೆ ಉಡಿ ತುಂಬಿದಳು. ಅಕ್ಕಿ ಎಲ್ಲಿಂದ ಬರಬೇಕು? ಉಡಿ ತುಂಬ ಜೋಳ. "ಇದು ಮಾರಾಟ ಅಲ್ಲ. ನೀ ನನ್ನ ಮಗಳು, ನಿನ್ನ ಮಗ ತವರಾಗ ಉಳದಾನ ಅಂತ ತಿಳಕೊ. ಆದ್ರ ತಿರುಗಿ ಬರಬ್ಯಾಡ" ಅಂದಳಂತೆ.

"ಆ ಜೋಳ ತಿಂದು ನಮ್ಮತ್ತಿ ಬದುಕಿದ್ಲು, ಮಾವ ಬದುಕಿದ. ಆಮ್ಯಾಲ ನಿಮ್ಮಜ್ಜ ಹುಟ್ಟಿದ್ದು. ಆದ್ರ ಆಕಿ ಸಾಯೂತನಾ ಜೋಳದ ರೊಟ್ಟಿ ಮುಟ್ಟಲಿಲ್ಲ. ಸಜ್ಜಿ ರೊಟ್ಟಿ ತಿಂತಿದ್ಲು. ನಾ ಕೇಳಿದ್ರ, ಹೊಟ್ಟಿ ಹಿಡ್ಯಂಗಿಲ್ಲವಾ ಅಂತಿದ್ಲು." ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಯಾರ ಮನಿ ಅಂತ ನನಗೂ ಹೇಳಲಿಲ್ಲ. ಹಿಪ್ಪರಗಿ ಸಣ್ಣೂರೇನು?"

ಸಂಗಪ್ಪನವರು ಅಷ್ಟೂ ಹೊತ್ತು ನೆಲ ನೋಡುತ್ತಿದ್ದರು. ಕೊನೆಗೆ ಒಂದೇ ಕೇಳಿದರು: "ಅತ್ತಿದ್ಲೇನ್ರೆವ್ವಾ, ಬಿಟ್ಟು ಬರುಮುಂದ?"

"ಅಳಾಕ ನೀರು ಎಲ್ಲಿತ್ತಪಾ ಆಕಿ ಮೈಯಾಗ."

ಆಮೇಲೆ ಅಜ್ಜಿ ಮಾಡಿದ ವಾದವನ್ನು ನೆನೆದರೆ ಇವತ್ತಿಗೂ ನನಗೆ ಬೆರಗು. ಅವಳಿಗೆ ಮೊಮ್ಮಗಳ ಮದುವೆ ಉಳಿಸಬೇಕಿತ್ತು. "ನೋಡ್ರಿ, ಉಡಿ ತುಂಬ್ಯಾರ ಅಂದ ಮ್ಯಾಲ ನಮ್ಮತ್ತಿ ಆ ಮನಿ ಮಗಳಾದ್ಲು. ಈರಪ್ಪ ತಾಯಿ ತವರಿಗೆ ದತ್ತಕ ಹೋದ. ದತ್ತಕ ಹೋದಾಂವ ಹೋದ ಮನಿ ಬೆಡಗಿನಾಂವ. ನಮ್ಮ ಶಾರದಾ ತನ್ನ ಮುತ್ತಜ್ಜಿ ತವರಿಗೆ ಸೊಸಿಯಾಗಿ ಹೋಗ್ತಾಳ. ಇದ್ರಾಗ ತಪ್ಪೇನೈತಿ? ಎಲ್ಲಾರೂ ಮಾಡೂದು ಅದ ಅಲ್ಲೇನು?"

ಅಪ್ಪನಿಗೂ ಮದುವೆ ಮುರಿಯುವ ಮನಸ್ಸಿರಲಿಲ್ಲ. "ಹೆಳವ ಗಂಟಿ ಹೊಡದಾನ, ನಮ್ಮ ಬಳ್ಳಿ ಅಂತ. ಉಡಿ ತುಂಬ್ಯಾರ, ಅವರ ಬಳ್ಳಿ ಅಂತ. ಯಾವುದು ಖರೆ ಅನ್ನೂದು ನಾ ಹ್ಯಾಂಗ ಹೇಳ್ಲಿ? ಸಂಗಪ್ಪನವರ, ನಿಮ್ಮಪ್ಪ ಯಾವ ಮನಿಯಾಂವ ಅನ್ನೂದು ನೀವ ಹೇಳ್ರಿ. ನೀವು ಹೇಳಿದ್ದಕ್ಕ ನಾ ಎದುರಾಡೂದಿಲ್ಲ." ಸಂಗಪ್ಪನವರು, ನಾಲ್ಕು ದಿನ ಬಿಟ್ಟು ಬರುತ್ತೇನೆ ಅಂತ ಎದ್ದು ಹೋದರು. ಊಟಕ್ಕೂ ನಿಲ್ಲಲಿಲ್ಲ.

ನನಗೆ ಪೂರ್ತಿ ನಂಬಿಕೆಯಿತ್ತು. ಆಫ್ ಕೋರ್ಸ್ ಅವರು ಹಿಪ್ಪರಗಿ ಮನೆಯವನೇ ಎಂದು ಹೇಳುತ್ತಾರೆ. ಯಾವ ತಂದೆ ಮಗನ ಮದುವೆಯನ್ನು ಒಂದು ಹರಿದ ಕಿವಿಗಾಗಿ ಬಿಡುತ್ತಾನೆ? ಅಕ್ಕನಿಗೂ ಹಾಗೇ ಹೇಳಿದೆ. "ಕಾಮನ್ ಸೆನ್ಸ್ ಅಕ್ಕಾ, ನೂರು ವರ್ಷದ ಹಿಂದಿನ ಮಾತು" ಅಂದೆ. ಅವಳು, "ನಿನಗ ನೂರು ವರ್ಷ. ಅವರಿಗೆ ಅಪ್ಪ" ಅಂದಳು. ಹಾಗಂದರೂ ಆ ನಾಲ್ಕು ದಿನ ದೇವರ ದೀಪಕ್ಕೆ ಎಣ್ಣೆ ಹಾಕುವಾಗ ಅವಳ ತುಟಿ ಅಲ್ಲಾಡುತ್ತಿದ್ದುದನ್ನು ನಾನು ನೋಡಿದ್ದೇನೆ.

ಸಂಗಪ್ಪನವರು ಸೋಮವಾರ ಬಂದರು, ಒಬ್ಬರೇ. ಹೊಸ ಧೋತರ ಉಟ್ಟಿದ್ದರು. ಅದನ್ನು ನೋಡಿ ನಾನು ಅಕ್ಕನ ಕೈ ಅದುಮಿದೆ, ಶುಭ ಸುದ್ದಿಯೇ ಅಂತ.

ಕಟ್ಟೆಯ ಮೇಲೆ ಕೂಡದೆ ನೇರ ಪಡಸಾಲೆಗೆ ಬಂದು ಅವರು ಕಂಬ ಹಿಡಿದು ನಿಂತರು. "ನಮ್ಮಪ್ಪಗ ಹಿಪ್ಪರಗ್ಯಾಗ ಏನಂತಿದ್ರು ಗೊತ್ತೇನ್ರಿ? ಜೋಳಕ್ಕ ಬಂದಾಂವ. ಹೊಲದ ಬದುವಿಗೆ ಜಗಳ ಬಂದ್ರ, ಏ ಜೋಳಕ್ಕ ಬಂದಾಂವ ಸುಮ್ಕಿರು. ಮಠದಾಗ ಪಂಕ್ತಿಗೆ ಕುಂತ್ರ, ಜೋಳಕ್ಕ ಬಂದಾಂವಗ ಇನ್ನೊಂದು ರೊಟ್ಟಿ ಹಾಕ್ರಿ ಅಂತ ನಗತಿದ್ರು. ಉಡಿ ತುಂಬಿದ್ದು ಯಾರೂ ಹೇಳಲಿಲ್ಲ. ಸಾಯುಮುಂದ ನನ್ನ ಕೇಳಿದ, ನಾ ಯಾರ ಮಗ ಅಂತ ಹೇಳಿ ನನ್ನ ಮಣ್ಣು ಮಾಡ್ತೀಯೋ ಸಂಗ್ಯಾ ಅಂತ. ನನ್ನ ಕಡೆ ಮಾತಿರಲಿಲ್ಲ." ಅವರ ದನಿ ಗಟ್ಟಿಯಾಗಿಯೇ ಇತ್ತು. "ಈಗ ಮಾತು ಐತಿ. ಇದ್ದೂ ಹ್ಯಾಂಗ ಅಲ್ಲ ಅನ್ಲಿ? ಅವರವ್ವ ಗಂಟಿ ಹೊಡಸ್ಯಾಳ ಇಷ್ಟು ವರ್ಷ. ನಾ ಈ ಮನಿಯಾಂವ್ರಿ."

ಅಜ್ಜಿ ಕೇಳಿದಳು, "ಮಗನ್ನ ಕೇಳಿ ಬಂದೀಯೇನಪಾ?"

"ಇಲ್ರೆವ್ವಾ. ಕೇಳಿದ್ರ ನಾ ಬರ್ತಿದ್ದಿಲ್ಲ."

ನನಗೆ ತಡೆಯಲಾಗಲಿಲ್ಲ. "ದಿಸ್ ಈಸ್ ನಾಟ್ ಫೇರ್! ಯು ಆರ್ ಕಿಲ್ಲಿಂಗ್ ಹರ್!" ಅಂತ ಕೂಗಿದೆ. ಸಿಟ್ಟು ಬಂದರೆ ನನಗೆ ಕನ್ನಡ ಬರುತ್ತಿರಲಿಲ್ಲ, ಈಗಲೂ ಅಷ್ಟೇ. ಸಂಗಪ್ಪನವರು ಗಾಬರಿಯಾಗಿ ಅಪ್ಪನ ಕಡೆ ನೋಡಿದರು. "ಏನಂದ್ಲು?"

"ಏನಿಲ್ಲ. ಚಾ ತಗೋರಿ ಅಂದ್ಲು" ಅಂದರು ಅಪ್ಪ.

ಚಹಾ ಬೇಡ, ಈ ಮನೆಯ ರೊಟ್ಟಿ ಬೇಕು ಅಂದರು ಅವರು. ಅಕ್ಕ ಒಳಗಿನಿಂದ ತಾಟು ತಂದಿಟ್ಟಳು. ಎರಡು ತಿಂಗಳಿಂದ ನಾವಿಬ್ಬರೇ ಇದ್ದಾಗ ಅವಳು, "ಮಾವಾರ, ಊಟಕ್ಕ ಏಳ್ರಿ" ಅಂತ ರೂಢಿ ಮಾಡಿಕೊಂಡು ನನ್ನನ್ನು ನಗಿಸುತ್ತಿದ್ದಳು. ಈಗ ಎದುರಿಗೆ ಕೂತು, "ಕಾಕಾ, ಇನ್ನೊಂದು ರೊಟ್ಟಿ ಹಾಕ್ಲಿ?" ಅಂದಳು. ಸಂಗಪ್ಪನವರ ಕೈ ತುತ್ತಿನೊಂದಿಗೆ ನಿಂತಿತು. ಅವರು ತಾಟಿನ ಮೇಲೆ ಬಗ್ಗಿ ಸಣ್ಣ ಹುಡುಗನ ಹಾಗೆ ಅತ್ತರು. ಅವರ ಬೆನ್ನ ಮೇಲೆ ಕೈ ಇಟ್ಟವಳು ಅಕ್ಕನೇ. ನಾನಾಗಿದ್ದರೆ ಇಡುತ್ತಿರಲಿಲ್ಲ.

ಮಲ್ಲಣ್ಣ ಏನಂದ, ಹೇಗೆ ತಗೊಂಡ, ನಮಗೆ ಯಾರೂ ಹೇಳಲಿಲ್ಲ. ಆ ಬೇಸಿಗೆ ಅವನು ಸಿಂದಗಿ ಬಿಟ್ಟು ಊರಿಗೆ ಬರಲೇ ಇಲ್ಲವಂತೆ, ಅಷ್ಟು ಕೇಳಿದ್ದೆ. "ಅಣ್ಣ ಅಂತ ಗೊತ್ತಾದವನ ಜೋಡಿ ಲಗ್ನಕ್ಕ ನಿಂತಿದ್ಲು" ಅಂತ ಊರಲ್ಲಿ ಬಾಯಿಗೆ ಬಂದದ್ದು ಆಡಿದರು. ಗಂಡುಗಳು ಬರುವುದು ನಿಂತಿತು. ವರ್ಷದೊಳಗೆ ಅಕ್ಕನನ್ನು ಇಂಡಿ ಊರಿನ ಒಬ್ಬ ನಿಂಬೆ ತೋಟದವರಿಗೆ ಕೊಟ್ಟರು. ಅವರಿಗದು ಎರಡನೇ ಸಂಬಂಧ, ಮೊದಲ ಹೆಂಡತಿಯಿಂದ ಒಂದು ಮಗು ಇತ್ತು. ಒಳ್ಳೆಯವರೇ, ಆದರೆ ನಗದ ಮನುಷ್ಯ. ನಾನು ಬೆಳಗಾವಿಗೆ ಟೀಚರ್ ಆಗಿ ಹೋದೆ.

ಸಂಗಪ್ಪ ಕಾಕಾ ಮಾತ್ರ ಪ್ರತಿ ಹಬ್ಬಕ್ಕೂ ಇಂಗಳೇಶ್ವರಕ್ಕೆ ಬರುತ್ತಿದ್ದರು. ನಮ್ಮ ಕಟ್ಟೆಯ ಮೇಲೆ ಕೂತು ಹೋಗಿ ಬರುವವರನ್ನು ಕರೆದು, "ನಾ ಈ ಮನಿಯಾಂವ" ಅಂತ ಹೇಳಿಕೊಳ್ಳುತ್ತಿದ್ದರು. ಅಷ್ಟು ವಯಸ್ಸಿನ ಮನುಷ್ಯ ಅಷ್ಟು ಹಗುರಾಗಿ ಓಡಾಡುವುದನ್ನು ನೋಡಿದರೆ ನನಗೆ ಸಿಟ್ಟೂ ಬರುತ್ತಿತ್ತು, ಮರುಕವೂ ಬರುತ್ತಿತ್ತು. ಅವರಿಗೆ ಸಿಕ್ಕಿದ್ದು ಸುಳ್ಳಲ್ಲ. ಅಕ್ಕ ಕಳೆದುಕೊಂಡದ್ದೂ ಸುಳ್ಳಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ನನಗೆ ಈ ವಯಸ್ಸಿಗೂ ತಿಳಿದಿಲ್ಲ. ಉಡಿ ತುಂಬಿದ ಆ ಹೆಂಗಸಿನ ಮೇಲೆಯೇ? ಅವಳು ತುಂಬದಿದ್ದರೆ ನಮ್ಮಜ್ಜನೇ ಹುಟ್ಟುತ್ತಿರಲಿಲ್ಲ, ನಾನು ಇದನ್ನು ಬರೆಯುತ್ತಿರಲಿಲ್ಲ. ಮುತ್ತಜ್ಜಿ ಗಂಗವ್ವನ ಬಗ್ಗೆ ಯೋಚಿಸುತ್ತ ಕೆಲವು ದಿನ ನನಗೂ ರೊಟ್ಟಿ ಇಳಿಯುವುದಿಲ್ಲ. ಡಾಕ್ಟರ್ ಆ್ಯಸಿಡಿಟಿ ಅನ್ನುತ್ತಾರೆ.

೧೯೭೮ರಲ್ಲಿ ಕಾಕಾ ತೀರಿಕೊಂಡರು. ಅವರ ಇಚ್ಛೆಯಂತೆ ಇಂಗಳೇಶ್ವರದ ನಮ್ಮ ಹೊಲದಲ್ಲೇ ಮಣ್ಣು ಮಾಡಿದರು. ನಾನು ಬೆಳಗಾವಿಯಿಂದ ಬಂದೆ, ಅಕ್ಕ ಇಂಡಿಯಿಂದ ಬಂದಳು, ಜೊತೆಗೆ ಗಂಡನ ಮಗು. ಬಹಳ ಸೊರಗಿದ್ದಳು. ನಾಲ್ಕು ವರ್ಷದ ನಂತರ ಮಲ್ಲಣ್ಣನನ್ನು ನಾನು ಅಂದೇ ನೋಡಿದ್ದು. ತಲೆ ಬೋಳಾಗುತ್ತ ಬಂದಿತ್ತು, ಅವನಿಗೂ ಮದುವೆಯಾಗಿತ್ತು. ಗುಣಿಯ ಆ ಬದಿಗೆ ಅವನು ನಿಂತಿದ್ದ, ಈ ಬದಿಗೆ ಹೆಂಗಸರ ನಡುವೆ ಅಕ್ಕ. ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಅಥವಾ ನಾನು ನೋಡದಾಗ ನೋಡಿದ್ದರೋ ಏನೋ.

ಮರುದಿನ ಅಕ್ಕ ಹೊರಟಾಗ ಅಪ್ಪ, "ಮಲ್ಲಣ್ಣಾ, ಬಾಗೇವಾಡಿತನಾ ಹೋಗಿ ತಂಗೀನ್ನ ಬಸ್ಸಿಗೆ ಹತ್ತಿಸಿ ಬಾರಪಾ" ಅಂದರು. ಅಪ್ಪ ಬೇಕೆಂದೇ ಅಂದರೋ, ಮರೆತು ಅಂದರೋ. ನಾನೂ ಜೊತೆಗೆ ಹೋದೆ. ದಾರಿಯುದ್ದಕ್ಕೂ ಮಗುವೇ ಮಾತಾಡಿತು. ಸ್ಟ್ಯಾಂಡಿನಲ್ಲಿ ಇಂಡಿ ಬಸ್ಸು ನಿಂತಿತ್ತು, ಕಂಡಕ್ಟರ್ ಬಾಗಿಲಲ್ಲಿ ಗಡಿಬಿಡಿ ಮಾಡುತ್ತಿದ್ದ. ಮಗುವನ್ನು ಎತ್ತಿಕೊಂಡ ಮಲ್ಲಣ್ಣನನ್ನೂ ಹಿಂದೆ ಚೀಲ ಹಿಡಿದ ಅಕ್ಕನನ್ನೂ ನೋಡಿ ಅವನು, "ಎರಡು ಇಂಡಿ ಏನ್ರಿ? ಗಂಡ ಹೆಂಡ್ತಿ ಲಗೂ ಹತ್ರಿ, ಹಿಂದ ಜೋಡಿ ಸೀಟ್ ಐತಿ" ಅಂದ.

ಮಲ್ಲಣ್ಣ ಮಗುವನ್ನು ಅಕ್ಕನ ಕೈಗೆ ಕೊಟ್ಟ. "ನಾ ಬರೂದಿಲ್ರಿ" ಅಂದ. "ನಮ್ಮ ತಂಗಿಗೆ ಒಂದು ಕೊಡ್ರಿ."

ಅಕ್ಕ ಆಗ ಮುಖವೆತ್ತಿ ಅವನನ್ನು ನೋಡಿದಳು. ಚೀಟಿ ತಗೊಂಡು, ಮೆಟ್ಟಿಲು ಹತ್ತಿ, ನಾವು ನಿಂತ ಕಡೆಯ ಕಿಟಕಿ ಖಾಲಿ ಇದ್ದರೂ ಆಚೆ ಬದಿಯ ಸೀಟಿಗೆ ಹೋಗಿ ಕೂತಳು. ಮುಂದಿನ ವರ್ಷ ಹೆರಿಗೆಯಲ್ಲಿ ಹೋಗಿಬಿಟ್ಟಳು. ನನಗೆ ತಂತಿ ಮುಟ್ಟಿದ್ದು ಎಲ್ಲ ಮುಗಿದ ಮೇಲೆ. ಹಾಗಾಗಿ ನಾನು ಅವಳನ್ನು ನೋಡಿದ್ದು ಅದೇ ಕೊನೆ. ಬಸ್ಸು ತಿರುಗುವಾಗ ಜನರ ನಡುವೆ ಅವಳ ಸೆರಗು ಹೊದ್ದ ತಲೆಯ ಹಿಂಭಾಗ ಕಂಡಿತು, ಮಗು ಅವಳ ಹೆಗಲ ಮೇಲಿನಿಂದ ನಮಗೆ ಕೈ ಬೀಸುತ್ತಿತ್ತು.